ನೀರ ಮೇಲೆ ಎಳೆದ ಬೆಂಕಿಗೆರೆ

ಏಳು ಹೆಂಗಸರಿಗೆ ಒಂಬತ್ತು ದಿನದ ಕೂಲಿ ಬರಬೇಕು. ಅರವತ್ತಮೂರು ಆಳಿನ ಕೂಲಿ. ಹೋದ ಬೇಸಿಗೆಯ ಬಾಕಿ ಇದು. ನಡುವೆ ಒಂದು ಮಳೆಗಾಲ ಬಂದು ಹೋಯಿತು, ಕೂಲಿ ಬರಲಿಲ್ಲ. ಕೆಲಸ ಆಗಿಲ್ಲವೆಂದು ಯಾರೂ ಹೇಳುತ್ತಿಲ್ಲ. ಅರಣ್ಯ ಇಲಾಖೆಯ ಗಾರ್ಡ್ ಕಣ್ಣಾರೆ ನೋಡಿದ್ದಾನೆ, ಫೋಟೋ ಹೊಡೆದುಕೊಂಡು ಹೋಗಿದ್ದಾನೆ. ಕಚೇರಿಯ ತಕರಾರು ಒಂದೇ: ಬೆಂಕಿ ದಾಟದ ಹಾಗೆ ನೀವು ಬೆಂಕಿಗೆರೆ ತೆಗೆದ ಜಾಗ ನಕ್ಷೆಯಲ್ಲಿ ನೀರು. ನೀರಿನಲ್ಲಿ ಬೆಂಕಿಗೆರೆ ತೆಗೆಯಲು ಬರುವುದಿಲ್ಲ. ತೆಗೆಯಲು ಬಾರದ ಕೆಲಸಕ್ಕೆ ಕೂಲಿಯೂ ಇಲ್ಲ.

ಆ ಏಳು ಮಂದಿಯಲ್ಲಿ ಉಳಿದ ಆರು ಮಂದಿಯನ್ನು ಕಟ್ಟಿಕೊಂಡು ಹೊರಟವಳು ಗೇರುದಿಂಬದ ಕೆರಿಯಮ್ಮ. ವಯಸ್ಸು ಅರವತ್ತರ ಆಚೀಚೆ. ಹುಟ್ಟಿದ ತಾರೀಖು ಬರೆದಿಟ್ಟವರಿಲ್ಲ. ಗೇರುದಿಂಬ ಎಂದರೆ ಲಿಂಗನಮಕ್ಕಿ ಹಿನ್ನೀರಿನ ಒಂದು ಮೂಲೆಯಲ್ಲಿ ಬೆನ್ನುಬ್ಬಿಸಿಕೊಂಡು ಕೂತ ನೆಲ, ಅದರ ಮೇಲೆ ಹನ್ನೊಂದು ಮನೆ. ಕಾಗದದಲ್ಲಿ ಹೊಸನಗರ ತಾಲ್ಲೂಕು, ಸಂತೆಗೆ ಸಾಗರ. ಮುಳುಗಡೆಯಲ್ಲಿ ಹೊಲ ಮನೆ ಕಳೆದುಕೊಂಡವರು ಅಂದು ಕೈಗೆ ಸಿಕ್ಕಿದ್ದನ್ನು ಹೊತ್ತು ಹತ್ತಿದ ದಿಬ್ಬ ಅದು. ಮೂರು ಕಡೆ ನೀರು. ನಾಲ್ಕನೆಯ ಕಡೆ, ಪಡುವಣದಲ್ಲಿ, ಕುತ್ತಿಗೆಯಂಥ ಒಂದು ಪಟ್ಟಿ ನೆಲ ಗುಡ್ಡಕ್ಕೆ ಅಂಟಿಕೊಂಡಿದೆ.

ಹತ್ತಿ ಬಂದ ಎರಡನೆಯ ವರ್ಷವೇ ಗುಡ್ಡದ ಬೆಂಕಿ ಆ ಕುತ್ತಿಗೆಯಿಂದ ಇಳಿದು ಅಷ್ಟೂ ಮನೆಗಳ ಹುಲ್ಲನ್ನು ಸುಟ್ಟಿತಂತೆ. ಅವತ್ತು ಕೆರಿಯಮ್ಮನ ಮಾವ ಭೂತಪ್ಪ ಒಂದು ಕಟ್ಟಳೆ ಮಾಡಿದ: ‘ಇನ್ನು ಮುಂದೆ ಹುಲ್ಲು ನೀರಿನ ಕಡೆ. ಗುಡ್ಡದ ಕಡೆ ಒಂದು ಕಡ್ಡಿ ಇರಬಾರದು.’ ಅಂದಿನಿಂದ ಹನ್ನೊಂದು ಮನೆಯ ಹುಲ್ಲಿನ ಗೊಣಬೆಗಳೂ ಮೂಡಣದ ದಡದ ಮೇಲೆ ಸಾಲಾಗಿ ನಿಲ್ಲುತ್ತವೆ. ಹಿಂದೆ ಮನೆ, ಮುಂದೆ ನೀರು. ನೀರೆಂದರೆ ಅವರಿಗೆ ಕೂಲಿ ಕೇಳದ ಕಾವಲುಗಾರ. ನೆಲ ನುಂಗಿದ ನೀರು ಇಷ್ಟಾದರೂ ಮಾಡಲಿ ಎಂದುಕೊಂಡರೇನೋ. ಆ ಕಟ್ಟಳೆಯನ್ನು ಆಮೇಲೆ ಯಾರೂ ಪ್ರಶ್ನಿಸಲಿಲ್ಲ.

ಕೆರಿಯಮ್ಮನ ಗಂಡ ಹುಚ್ಚಪ್ಪ ದೋಣಿ ನಡೆಸುತ್ತಿದ್ದ. ನೀರು ದಿನದಿನಕ್ಕೆ ಇಳಿಯುವ ಕಡೆ ದೋಣಿ ಕಟ್ಟುವವನಿಗೆ ದಡ ಎಲ್ಲಿದೆ ಎಂಬ ಲೆಕ್ಕ ಬೇಕು. ಅದಕ್ಕೆ ಅವನೊಂದು ದಾರಿ ಮಾಡಿಕೊಂಡಿದ್ದ. ದೀಪಾವಳಿಗೆ ಮುಂಚಿನ ಭೂಮಣ್ಣಿ ಹುಣ್ಣಿಮೆಯ ಬೆಳಗ್ಗೆ ಗದ್ದೆಗೆ ಅನ್ನದ ಚರಗ ಚೆಲ್ಲಿ, ಕೊನೆಯ ಹಿಡಿಯನ್ನು ನೀರಿಗೆ ಹಾಕಿ, ಅಲ್ಲೇ ದಡದಲ್ಲಿ ಒಂದು ಲಕ್ಕಿ ಗಿಡದ ಗೂಟ ಹೊಡೆಯುವುದು. ಆಮೇಲೆ ಪ್ರತಿ ಅಮಾವಾಸ್ಯೆಗೊಂದು, ಪ್ರತಿ ಹುಣ್ಣಿಮೆಗೊಂದು. ದಂಡೆಯ ಮೇಲಿನ ಗಂಗಮ್ಮನ ಕಲ್ಲಿನಿಂದ ಗೂಟಕ್ಕೆ ಎಷ್ಟು ಮಾರು ಎಂದು ಕೈ ಚಾಚಿ ಹಗ್ಗ ಅಳೆಯುವುದು. ಅವನು ಸತ್ತು ಹನ್ನೊಂದು ವರ್ಷ. ದೋಣಿ ಮಾರಿ ಹೋಯಿತು. ಗೂಟ ಹೊಡೆಯುವುದನ್ನು ಕೆರಿಯಮ್ಮ ಬಿಡಲಿಲ್ಲ. ‘ಮಾವನೋರ ಗಂಟು ಇಟ್ಟಿರೋ ಜಾಗಕ್ಕೆ ಗುರುತು ಹಾಕ್ತಾರೆ ನಮ್ಮತ್ತೆ’ ಎಂದು ಸೊಸೆ ಪ್ರತಿಮಾ ಆಡಿಕೊಳ್ಳುತ್ತಿದ್ದಳು.

ಒಳ್ಳೆಯ ವರ್ಷ ಭೂಮಣ್ಣಿ ಹುಣ್ಣಿಮೆಗೆ ನೀರು ಗಂಗಮ್ಮನ ಕಲ್ಲಿನ ಬುಡ ನೆಕ್ಕುತ್ತಿರುತ್ತದೆ. ಅರೆಬರೆ ವರ್ಷವಾದರೆ ಹತ್ತು ಮಾರು, ಇಪ್ಪತ್ತು ಮಾರು ಕೆಳಗೆ. ಹೋದ ವರ್ಷ ಕೆರಿಯಮ್ಮ ಚರಗದ ಬುಟ್ಟಿ ಹಿಡಿದು ಕಲ್ಲಿನ ಹತ್ತಿರ ನಿಂತಾಗ ಕಣ್ಣ ಮುಂದೆ ನೀರೇ ಇರಲಿಲ್ಲ. ಹುಲ್ಲಿತ್ತು. ಇಳಿದಳು, ಇಳಿದಳು. ಬುಟ್ಟಿಯಲ್ಲಿದ್ದ ಹಿಡಿ ಅನ್ನ ಬಿಸಿಲಿಗೆ ಆರಿತು. ನೀರು ಸಿಕ್ಕ ಕಡೆ ಗೂಟ ಹೊಡೆದು, ಹಗ್ಗ ಹಿಡಿದು ಅಳೆಯುತ್ತ ವಾಪಸು ಬಂದಳು. ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಅಳೆದಳು.

‘ನೂರಾ ಹತ್ತು ಮಾರು ಅತ್ತೆ’ ಎಂದಳು ಮನೆಗೆ ಬಂದು.

ಅತ್ತೆ ದುಗ್ಗಮ್ಮನಿಗೆ ತೊಂಬತ್ತರ ಹತ್ತಿರ. ಸೊಂಟ ಮುರಿದು ಮೂರು ವರ್ಷದಿಂದ ಮೂಡಣದ ಕೋಣೆಯ ಮಂಚದ ಮೇಲೆ. ಕಿಟಕಿಯಿಂದ ಗೊಣಬೆ ಸಾಲು ಕಾಣುತ್ತದೆ, ಅದರಾಚೆ ಒಂದು ಕಾಲದಲ್ಲಿ ನೀರು ಕಾಣುತ್ತಿತ್ತು.

‘ನಿನ್ನ ಕೈ ಗಿಡ್ಡ ಕಣೇ. ನನ್ನ ಮಗ ಅಳೆದಿದ್ರೆ ಐವತ್ತೂ ಆಗ್ತಿರ್ಲಿಲ್ಲ’ ಎಂದಳು ಮುದುಕಿ.

ಕೆರಿಯಮ್ಮ ನಗಲಿಲ್ಲ. ಅವಳಿಗೆ ಹೆದರಿಕೆ ಹತ್ತಿತ್ತು. ನೀರು ಕಡಿಮೆ ಎಂಬುದಷ್ಟೇ ಆಗಿದ್ದರೆ ಆ ಹೆದರಿಕೆ ಬರುತ್ತಿರಲಿಲ್ಲ. ನೀರು ಕಡಿಮೆಯಾದ ವರ್ಷಗಳನ್ನು ಅವಳು ಬಹಳ ಕಂಡಿದ್ದಾಳೆ. ಆಗೆಲ್ಲ ನೀರು ಒಮ್ಮೆ ಮೇಲೆ ಬಂದು ಆಮೇಲೆ ಇಳಿಯುತ್ತಿತ್ತು. ಇಳಿದ ಕಡೆ ಬರೀ ಕೆಸರು, ಆಮೇಲೆ ಒಡಕು ಮಣ್ಣು. ಮಣ್ಣು ಉರಿಯುವುದಿಲ್ಲ. ಈ ಸಲ ನೀರು ಮೇಲೆ ಬರಲೇ ಇಲ್ಲ. ಬಿದ್ದ ನಾಲ್ಕು ಹನಿ ಮಳೆಗೆ ಹೊಳೆಯ ತಳದಲ್ಲಿ ಜೊಂಡು ಎದ್ದಿತ್ತು, ನಾಚಿಕೆ ಮುಳ್ಳು ಹಬ್ಬಿತ್ತು, ಸೊಂಟ ಮುಟ್ಟುವ ಕರಡದ ಹುಲ್ಲು ಬೆಳೆದಿತ್ತು. ನಡುನಡುವೆ ಮುಳುಗಡೆಯ ಕಾಲದ ಮರದ ಬೊಡ್ಡೆಗಳು, ಅರವತ್ತು ವರ್ಷ ನೀರು ಕುಡಿದು ಕಪ್ಪಾದವು, ಬಿಸಿಲಿಗೆ ಒಣಗುತ್ತ ನಿಂತಿದ್ದವು. ದನಗಳಿಗೆ ಹಬ್ಬವಾಯಿತು. ಊರವರು ಮೇವಿನ ಚಿಂತೆ ತಪ್ಪಿತೆಂದು ಖುಷಿಪಟ್ಟರು. ಗುಡ್ಡದ ಮೇಲಿನ ಹುಲ್ಲನ್ನು ಕಂಡರೆ ಹೆದರುವ ಜನ, ಹೊಳೆಯೊಳಗಿನ ಹುಲ್ಲನ್ನು ಕಂಡು ಹೆದರಲಿಲ್ಲ. ಅದಕ್ಕೆ ಹೊಳೆ ಎಂದು ಹೆಸರಿತ್ತಲ್ಲ!

ಆ ಹೊಳೆಯ ಆಚೆ ದಡದಲ್ಲಿ, ಮೂಡಣಕ್ಕೆ, ಅಕೇಶಿಯಾ ನೆಡುತೋಪು. ನೆಲದ ಮೇಲೆ ಮೊಣಕಾಲುದ್ದ ದರಗು. ಹಿಂದೆ ಕೊಟ್ಟಿಗೆಗೆ ಹಾಸಲೆಂದು ಒಣಗಿದೆಲೆಯ ದರಗನ್ನು ಜನ ಗುಡಿಸಿ ಒಯ್ಯುತ್ತಿದ್ದರು. ಅಕೇಶಿಯಾದ ದರಗನ್ನು ಯಾವ ದನವೂ ಒಪ್ಪುವುದಿಲ್ಲ, ಯಾರೂ ಗುಡಿಸುವುದಿಲ್ಲ. ಸಂಕ್ರಾಂತಿ ಕಳೆದರೆ ಗಾಳಿ ಮೂಡಣದಿಂದ ಬೀಸುತ್ತದೆ. ತೋಪಿಗೆ ಬೆಂಕಿ ಬಿದ್ದರೆ, ಗಾಳಿ ಅದನ್ನು ಹೊಳೆಗೆ ಇಳಿಸಿದರೆ, ಹೊಳೆಯಿಂದ ಗೊಣಬೆ ಸಾಲಿಗೆ, ಗೊಣಬೆಯಿಂದ ಮನೆಗೆ. ಅಷ್ಟರಲ್ಲಿ ಉಳಿದ ನೀರೂ ನಡುಗುಂಡಿಗೆ ಸೇರಿರುತ್ತದೆ, ನಡುವೆ ತಡೆಯುವುದು ಏನೂ ಇಲ್ಲ. ಕೆರಿಯಮ್ಮ ಆ ದಾರಿಯನ್ನು ದಿನಕ್ಕೆ ಹತ್ತು ಸಲ ಕಣ್ಣಲ್ಲೇ ನಡೆದಳು. ಆ ದಾರಿಯಲ್ಲಿ ಮೊದಲು ಸಿಗುವುದು ದುಗ್ಗಮ್ಮನ ಮಂಚವೇ.

ಜನವರಿಯಲ್ಲಿ ಗಾರ್ಡ್ ಶಿವರಾಮ ಬಂದ. ತೀರ್ಥಹಳ್ಳಿ ಕಡೆಯ ಹುಡುಗ, ಒಳ್ಳೆಯವನು, ಎರಡು ಸಾವಿರ ಎಕರೆಗೆ ಒಬ್ಬನೇ. ಪ್ರತಿವರ್ಷದಂತೆ ಪಡುವಣದ ಕುತ್ತಿಗೆಯಲ್ಲಿ ಬೆಂಕಿಗೆರೆ ತೆಗೆಸಲು ಆಳು ಕೇಳಿದ. ಎರಡು ಮಾರು ಅಗಲಕ್ಕೆ ಹುಲ್ಲು ಕೆತ್ತಿ ಮಣ್ಣು ಬತ್ತಲೆ ಮಾಡುವ ಕೆಲಸ.

‘ಗುಡ್ಡದ ಕಡೆದು ಆಮೇಲೆ ಮಾಡಣ ಶಿವರಾಮ. ಮೊದ್ಲು ಹೊಳೆ ಕಡೆ ತೆಗೀಬೇಕು’ ಎಂದಳು ಕೆರಿಯಮ್ಮ.

‘ಎಂತ ಕೆರಿಯಕ್ಕ, ಬಿಸಿಲು ತಲೆಗೆ ಹತ್ತಿತಾ? ನೀರಿಗೆ ಯಾರಾದ್ರೂ ಫೈರ್ ಲೈನ್ ಹಾಕ್ತಾರಾ?’

‘ನೀರು ಎಲ್ಲೈತೆ ತೋರ್ಸು.’

ಶಿವರಾಮ ಮೊಬೈಲು ತೆಗೆದು ನಕ್ಷೆ ತೋರಿಸಿದ. ಗೇರುದಿಂಬದ ಸುತ್ತ ನೀಲಿ.

‘ನೋಡು, ಇಲ್ಲೈತೆ.’

‘ಹಂಗಾರೆ ಒಂದು ಕೊಡಪಾನ ತುಂಬ್ಕೊಡು ಮಾರಾಯ ಅದರಿಂದ. ಅತ್ತೆಗೆ ಸ್ನಾನ ಮಾಡ್ಸ್ತೀನಿ.’

ಸುತ್ತ ನಿಂತವರು ನಕ್ಕರು. ಶಿವರಾಮನೂ ನಕ್ಕ. ಆದರೆ ಅವನ ಕಣ್ಣು ಹುಲ್ಲಿನ ಮೇಲೆ ಹೋಯಿತು. ಕೆಳಗಿಳಿದು ಒಂದು ಹಿಡಿ ಕರಡ ಮುರಿದು ನೋಡಿದ. ಹಪ್ಪಳ ಮುರಿದ ಸದ್ದು ಬಂತು. ಅವನ ನಗು ಅಲ್ಲಿಗೆ ನಿಂತಿತು.

‘ನನ್ನ ಕೈಲಿ ಇಲ್ಲ ಅಕ್ಕ. ಇಷ್ಟು ಮೀಟರಿಗೆ ಇಷ್ಟು ಅಂತ ಮೇಲಿಂದ ಬರುತ್ತೆ. ಕಚೇರಿಗೆ ಬಂದು ಸಾಹೇಬ್ರ ಹತ್ರನೇ ಹೇಳು.’

ಸೊಸೆಯನ್ನು ಕರೆದುಕೊಂಡು ಕೆರಿಯಮ್ಮ ಎರಡು ಬಸ್ಸು ಬದಲಿಸಿ ಕಚೇರಿಗೆ ಹೋದಳು. ಪ್ರತಿಮಾ ವರದಮೂಲದ ಹತ್ತಿರದವಳು, ಪಿಯುಸಿ ಓದಿದವಳು, ಅರ್ಜಿ ಬರೆಯಬಲ್ಲಳು. ಗೂಟದ ಲೆಕ್ಕವನ್ನೆಲ್ಲ ಬರೆದಳು: ಭೂಮಣ್ಣಿ ಹುಣ್ಣಿಮೆಗೆ ನೂರಾ ಹತ್ತು ಮಾರು, ದೀಪಾವಳಿ ಅಮಾವಾಸ್ಯೆಗೆ ನೂರಾ ಮೂವತ್ತೆರಡು, ಹೀಗೆ ಇಳಿಯುತ್ತ ಇಳಿಯುತ್ತ. ಅಧಿಕಾರಿ ಅರ್ಜಿ ಓದಿದರು.

‘ಮಾರು ಅಂದ್ರೆ?’

ಕೆರಿಯಮ್ಮ ಎರಡೂ ಕೈ ಚಾಚಿ ತೋರಿಸಿದಳು. ಪಕ್ಕದ ಟೇಬಲ್ಲಿನ ಗುಮಾಸ್ತನ ಮೂಗಿಗೆ ಬೆರಳು ತಾಗಿತು.

‘ಅಲ್ಲಮ್ಮಾ, ನಿಮ್ಮ ಹೋಬಳಿಯ ಮಳೆ ಲೆಕ್ಕ ಇಲ್ಲಿದೆ. ಅಷ್ಟೇನೂ ಮೋಸ ಇಲ್ಲ.’

‘ಸಾರ್, ಮಳೆ ಅಳೆಯೋ ಡಬ್ಬಿ ಇರೋದು ಪೇಟೇಲಿ. ನಮ್ಮೂರಿಂದ ಹದಿನಾಲ್ಕು ಕಿಲೋಮೀಟರ್’ ಎಂದಳು ಪ್ರತಿಮಾ.

ಅಧಿಕಾರಿ ಗಡಿಯಾರ ನೋಡಿದರು. ಕೆಟ್ಟವರೇನಲ್ಲ, ನೀರು ಕೊಟ್ಟು ಕೂರಿಸಿದ್ದರು. ಕಡೆಗೆ ಅಂದರು: ‘ಅಷ್ಟು ಹೆದರಿಕೆ ಇದ್ರೆ ಕೆಲಸ ಶುರು ಮಾಡಿ. ನೋಡೋಣ.’

ಎಡವಟ್ಟಾದದ್ದು ಈ ಮಾತಿನಲ್ಲಿ. ಗೇರುದಿಂಬದಲ್ಲಿ ಒಬ್ಬ ‘ನೋಡೋಣ’ ಎಂದರೆ ಅವನು ಬರುತ್ತಾನೆ, ನೋಡುತ್ತಾನೆ, ಕೈ ಹಾಕುತ್ತಾನೆ. ಗದ್ದೆ ನಟ್ಟಿಗೆ, ಹೆರಿಗೆಗೆ, ಹೆಣಕ್ಕೆ, ಎಲ್ಲಕ್ಕೂ ಅಲ್ಲಿ ಆಡುವ ಮಾತು ಅದೊಂದೇ. ಕಚೇರಿಯ ‘ನೋಡೋಣ’ಕ್ಕೆ ಬೇರೆ ಅರ್ಥ. ಅದು ಎದುರಿಗಿದ್ದವರನ್ನು ಎಬ್ಬಿಸಿ ಕಳಿಸುವ ಮಾತು. ಮುಳುಗಡೆಯವರು ಮೂರು ತಲೆಮಾರು ಕಚೇರಿ ತಿರುಗಿದರೂ ಈ ಒಂದು ಶಬ್ದವನ್ನು ಇನ್ನೂ ತಪ್ಪಾಗಿಯೇ ಕೇಳಿಸಿಕೊಳ್ಳುತ್ತಾರೆ. ಕೆರಿಯಮ್ಮ ಬಸ್ಸಿನಲ್ಲಿ ಕೂತು, ‘ಒಪ್ಪಿದ್ರಲ್ಲ, ಪುಣ್ಯಾತ್ಮರು’ ಎಂದಳು.

ಗಂಡಸರೆಲ್ಲ ಅಡಿಕೆ ಕೊನೆಗೊಯ್ಲಿನ ಕೂಲಿಗೆ ಹೋಗಿದ್ದ ಹೊತ್ತು. ಏಳು ಹೆಂಗಸರು ಗುದ್ದಲಿ, ಕತ್ತಿ ಹಿಡಿದು ಹೊಳೆಗೆ ಇಳಿದರು. ಗೊಣಬೆ ಸಾಲಿನಿಂದ ಮೂವತ್ತು ಮಾರು ಕೆಳಗೆ, ದಿಬ್ಬವನ್ನು ಅರೆಚಂದ್ರನ ಹಾಗೆ ಬಳಸಿ ಗೆರೆ. ನಾಚಿಕೆ ಮುಳ್ಳು ಕೈ ಗೀರಿತು. ಒಣಗಿದ ಕೆಸರು ಕಲ್ಲಾಗಿ ಗುದ್ದಲಿಯ ಬಾಯಿ ಮಡಚಿತು.

‘ನಮ್ಮಪ್ಪ ಇಲ್ಲಿ ಗದ್ದೆ ಹೂಡ್ತಿದ್ನಂತೆ. ನಾನು ಹುಲ್ಲು ಕೆತ್ತೋಕೆ ಬಂದೆ’ ಎಂದಳು ಮಾಸ್ತಮ್ಮ. ಅವಳು ಏಳು ಮಂದಿಯಲ್ಲಿ ಬಾಯಿಬಡಕಿ.

‘ನಿಮ್ಮಪ್ಪನ ಗದ್ದೆಗೆ ಇವತ್ತಾದ್ರೂ ಕಂದಾಯ ಕಟ್ಟು’ ಎಂದಳು ಕನ್ನಮ್ಮ.

‘ಎಲ್ಲಿ ಕಟ್ಲಿ? ಹೋದ್ವರ್ಷ ಇಲ್ಲೇ ನಾಲ್ಕು ಸೌತೆ ಬಳ್ಳಿ ಹಾಕಿದ್ರೆ, ಸರ್ಕಾರಿ ಜಾಗ ಅಂತ ಕಿತ್ತು ಒಗೆದ್ರಲ್ಲ!’

ಅವತ್ತು ಅದು ನಗುವ ಮಾತಾಗಿತ್ತು.

ದಾರಿಯಲ್ಲಿ ಸಿಕ್ಕ ಬೊಡ್ಡೆಗಳೇ ತೊಡಕು. ಕಡಿಯಲು ಹೋದರೆ ಕೊಡಲಿ ಹಿಂದಕ್ಕೆ ಹಾರುತ್ತಿತ್ತು. ಕೀಳೋಣವೆಂದರೆ ಬೇರು ಎಲ್ಲಿಗೆ ಹೋಗಿದೆಯೋ ಅಳತೆಯಿಲ್ಲ. ಬೊಡ್ಡೆ ಸುತ್ತ ಹುಲ್ಲು ಕೆತ್ತಿ, ಹಾಗೇ ಬಿಟ್ಟು ಮುಂದೆ ಹೋದರು. ಒಂಬತ್ತನೆಯ ದಿನ ಗೆರೆ ಮುಗಿಯಿತು. ಶಿವರಾಮ ಬಂದು ಫೋಟೋ ತೆಗೆದ.

ಉಳಿದದ್ದು ಗೊಣಬೆ. ಅವನ್ನು ಕಿತ್ತು ದಿಬ್ಬದ ನಡುವಿನ ಅಂಗಳಕ್ಕೆ ಸಾಗಿಸಬೇಕು ಎಂದು ಕೆರಿಯಮ್ಮ ಮನೆಮನೆಗೆ ಹೇಳಿದಳು. ಯಾರೂ ಒಪ್ಪಲಿಲ್ಲ. ಒಟ್ಟಿದ ಗೊಣಬೆಯನ್ನು ನಡುವರ್ಷ ಕಿತ್ತರೆ ದನಕ್ಕೆ ಕೇಡಂತೆ. ಅವಳ ಸ್ವಂತ ಮನೆಯಲ್ಲಿ ದುಗ್ಗಮ್ಮ ಮಂಚ ಕುಟ್ಟಿದಳು.

‘ನಿಮ್ಮಾವ ಇಟ್ಟ ಜಾಗ ಅದು. ನೀರಿನ ಕಡೆಯಿಂದ ಬೆಂಕಿ ಬಂದದ್ದು ಯಾವ ಕಾಲದಲ್ಲೇ? ನಾನು ಸತ್ತ ಮೇಲೆ ಕಿತ್ಕೋ!’

‘ಅತ್ತೆ, ಅಲ್ಲಿ ನೀರಿಲ್ಲ.’

‘ಇವತ್ತಿಲ್ಲ, ನಾಳೆ ಬರುತ್ತೆ. ನಮ್ಮ ಮನೆ ಹುಡುಕ್ಕೊಂಡು ಬಂದ ನೀರು ಅದು. ದಾರಿ ಮರೀತದಾ?’

ಕೆರಿಯಮ್ಮ ಗೊಣಬೆಯನ್ನು ಇದ್ದಲ್ಲೇ ಬಿಟ್ಟಳು. ಕಚೇರಿಯ ಎದುರು ಆಡಿದ ಬಾಯಿ ಅತ್ತೆಯ ಎದುರು ಆಡಲಿಲ್ಲ. ಆ ಸುಮ್ಮನಿರುವಿಕೆಯನ್ನು ಅವಳು ಇಂದಿಗೂ ತನಗೆ ಮನ್ನಿಸಿಕೊಂಡಿಲ್ಲ.

ಶಿವರಾತ್ರಿಗೆ ಹತ್ತನೇ ಗೂಟ: ಮುನ್ನೂರ ನಲವತ್ತು ಮಾರು. ಹೋಳಿ ಹುಣ್ಣಿಮೆಗೆ ಹನ್ನೊಂದನೆಯದು: ಮುನ್ನೂರ ತೊಂಬತ್ತು. ಊರ ಬಾವಿಯಲ್ಲಿ ಕೊಡಪಾನ ತಳ ಗೀರುವ ಸದ್ದು. ಆಚೆ ದಡದ ಗಣೇಶಮೂರ್ತಿ ಹೆಗಡೆಯವರು ತಮ್ಮ ತೋಟ ಉಳಿಸಿಕೊಳ್ಳಲು ಹೊಳೆಯ ನಡುಗುಂಡಿಯವರೆಗೆ ಪೈಪು ಎಳೆದು ಉಳಿದ ನೀರನ್ನೂ ಎತ್ತುತ್ತಿದ್ದರು. ಗೇರುದಿಂಬದವರಿಗೂ ಅವರಿಗೂ ಆ ಪೈಪಿನ ವಿಷಯಕ್ಕೆ ಮಾತು ಬಿಟ್ಟಿತ್ತು. ಕೆರಿಯಮ್ಮ ಬೆಳಗ್ಗೆ ಎದ್ದವಳೇ ಮೂಡಣಕ್ಕೆ ಮೂಗು ಒಡ್ಡಿ ನಿಲ್ಲುತ್ತಿದ್ದಳು. ಪಕ್ಕದ ಮನೆಯವಳು ಸಾರಿಗೆ ಒಗ್ಗರಣೆ ಹಾಕಿದರೂ ಒಮ್ಮೆ ಹೊರಗೆ ಬಂದು ನೋಡಿ ಹೋಗುತ್ತಿದ್ದಳು.

ಹೋಳಿ ಕಳೆದ ಮೂರನೆಯ ದಿನ, ಮಧ್ಯಾಹ್ನ ಎರಡು ಗಂಟೆ. ನಡುಬಿಸಿಲಿನ ಬೆಂಕಿಗೆ ಬಣ್ಣ ಇರುವುದಿಲ್ಲ. ಕೆರಿಯಮ್ಮನಿಗೆ ಮೊದಲು ಕಂಡದ್ದು ಬೆಂಕಿಯಲ್ಲ, ಆಚೆ ದಡದ ತೋಪು ನೀರಿನಲ್ಲಿ ಕಂಡ ನೆರಳಿನಂತೆ ಅಲುಗಾಡಿದ್ದು. ಹೊಳೆ ತುಂಬಿದ್ದ ವರ್ಷಗಳಲ್ಲಿ ತೋಪು ಹಾಗೇ ಅಲುಗುತ್ತಿತ್ತು. ಒಂದು ಗಳಿಗೆ, ಒಂದೇ ಗಳಿಗೆ, ನೀರು ಬಂತು ಎಂದುಕೊಂಡಳು. ಆಮೇಲೆ ತೋಪಿನ ಈಚೆ, ಹೊಳೆಯ ಹುಲ್ಲಿನೊಳಗಿಂದ ಸದ್ದು ಕೇಳಿಸಿತು. ಸಾವಿರ ಜನ ಒಟ್ಟಿಗೆ ಕಡಲೆ ಜಗಿದ ಸದ್ದು.

‘ಬೆಂಕಿ! ಹೊಳೆಗೆ ಬೆಂಕಿ ಬಿತ್ತು!’

ಆ ಕೂಗು ಕೇಳಿದ ಕೆಲವರು ಇವಳಿಗೆ ತಲೆ ಕೆಟ್ಟಿತು ಎಂದುಕೊಂಡರಂತೆ. ಹೊಳೆಗೆ ಬೆಂಕಿ ಬೀಳುವುದುಂಟೆ?

ಪ್ರತಿಮಾ ಶಿವರಾಮನಿಗೆ ಫೋನು ಮಾಡಿದಳು.

‘ನನಗೆ ಮೆಸೇಜೇ ಬಂದಿಲ್ವಲ್ಲ!’ ಎಂದ ಅವನು.

ಕಾಡಿಗೆ ಬೆಂಕಿ ಬಿದ್ದರೆ ಮೇಲಿನ ಉಪಗ್ರಹ ಕಂಡುಹಿಡಿದು ಅವನ ಮೊಬೈಲಿಗೆ ತಿಳಿಸುತ್ತದಂತೆ. ಬೆಂಕಿಯ ಜಾಗ ನೀರು ಎಂದು ಗುರುತಾಗಿದ್ದರೆ ಮೆಸೇಜು ಬರುವುದಿಲ್ಲವಂತೆ. ಇದನ್ನು ಅವನೇ ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ್ದು, ನಿಜವೋ ಸುಳ್ಳೋ. ಅಂತೂ ಅವನು ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು.

ಗಂಡಸರು ಅವತ್ತೂ ಕೂಲಿಗೆ ಹೋಗಿದ್ದರು. ಆ ಮುಕ್ಕಾಲು ಗಂಟೆ ಏಳು ಹೆಂಗಸರು ಗೆರೆಯ ಒಳಬದಿಯಲ್ಲಿ ಹಸಿ ಸೊಪ್ಪಿನ ಕಟ್ಟು ಹಿಡಿದು ನಿಂತರು. ಬೆಂಕಿ ಜೊಂಡನ್ನು ಮೇಯುತ್ತ ಓಡಿ ಬಂತು. ಅದರ ಮುಂದೆ ಹಾವು, ಮುಂಗುಸಿ, ಮೊಲ ಒಂದರ ಮೈಮೇಲೊಂದು ಬಿದ್ದು ಓಡಿ ಬಂದವು. ಯಾವುದೂ ಯಾವುದನ್ನೂ ಕಚ್ಚಲಿಲ್ಲ. ಕನ್ನಮ್ಮನ ಕಾಲ ಮೇಲೇ ಒಂದು ನಾಗರ ಹರಿದು ಹೋಯಿತು. ಅವಳು ಅದನ್ನು ನೋಡಲೂ ಇಲ್ಲ. ಶಾಖಕ್ಕೆ ಹುಬ್ಬು ಸುಟ್ಟವು. ಗೆರೆಯ ಆಚೆ ಬೆಂಕಿ ನಿಂತು, ದಾರಿ ಹುಡುಕುವ ಹಾಗೆ ಎಡಕ್ಕೆ ಬಲಕ್ಕೆ ಆಡಿತು. ಕಿಡಿ ಹಾರಿ ಈಚೆ ಬಿದ್ದಲ್ಲೆಲ್ಲ ಸೊಪ್ಪಿನಿಂದ ಬಡಿದರು. ಬಡಿದ ಸೊಪ್ಪು ಒಣಗಿದರೆ ಇನ್ನೊಂದು ಮುರಿದರು. ಮಾಸ್ತಮ್ಮ ಬೆಂಕಿಗೆ ಅದರ ತಾಯಿ ತಂಗಿ ಯಾರನ್ನೂ ಬಿಡದೆ ಬೈಯುತ್ತಿದ್ದಳು. ಆ ಬೈಗುಳ ಕೇಳುತ್ತಿರುವಷ್ಟು ಹೊತ್ತು ಮಿಕ್ಕವರಿಗೆ ತಾವು ಬದುಕಿದ್ದೇವೆ ಎಂಬ ಧೈರ್ಯ.

ಹೆಗಡೆಯವರು ಪಿಕಪ್ಪಿನಲ್ಲಿ ಎರಡು ಡ್ರಮ್ಮು ನೀರು, ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಪಂಪು ಹೇರಿಕೊಂಡು ಹಿನ್ನೀರು ಸುತ್ತಿ ಬಂದರು. ಗೆರೆಯುದ್ದಕ್ಕೂ ನೀರು ಹೊಡೆದರು.

‘ನೀವು ಬರ್ತೀರಿ ಅಂದ್ಕಂಡಿರ್ಲಿಲ್ಲ ಹೆಗ್ಡೇರೆ’ ಎಂದಳು ಕೆರಿಯಮ್ಮ.

‘ನಿಮಗೋಸ್ಕರ ಬಂದದ್ದಲ್ಲ ಮಾರಾಯ್ತಿ. ನನ್ನ ಮುನ್ನೂರು ಮೀಟರ್ ಪೈಪು ಅಲ್ಲಿ ಬೇಯ್ತಾ ಉಂಟು.’

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು, ಹೆಂಡತಿ ಮಹಾಲಕ್ಷ್ಮೀ. ‘ಎಂತೂ ಇಲ್ಲೆ, ಆನು ಅರಾಮಿದ್ದಿ, ಈಗ ಬತ್ತೆ’ ಎಂದರು ಮನೆಮಾತಿನಲ್ಲಿ. ಫೋನು ಜೇಬಿಗಿಟ್ಟು ಮತ್ತೆ ಪಂಪು ಹಿಡಿದರು.

ಸಂಜೆಗೆ ಬೆಂಕಿ ಗೆರೆಯ ಆಚೆಯೇ ಸತ್ತಿತು. ಹೊಳೆ ಪೂರ್ತಿ ಕರ್ರಗೆ. ಗೂಟಗಳೆಲ್ಲ ಸುಟ್ಟು ಹೋಗಿದ್ದವು. ಹನ್ನೊಂದು ಮನೆ ಉಳಿದಿದ್ದವು. ದುಗ್ಗಮ್ಮ ಕಿಟಕಿಯಿಂದ ನೋಡಿ, ‘ಗೊಣಬೆ ನಿಂತಾವಲ್ಲ, ನಾನು ಹೇಳಿರ್ಲಿಲ್ವಾ’ ಎಂದಳು. ಮರುದಿನ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಕೆರಿಯಮ್ಮ ಹೋಗಲಿಲ್ಲ. ಅವಳ ಮನಸ್ಸಿನಲ್ಲಿ ಬೊಡ್ಡೆಗಳಿದ್ದವು. ಗೆರೆಯ ಆಚೆ ಬದಿಯ ಬೊಡ್ಡೆಯೊಂದು ಹೊಗೆ ಕಾರುತ್ತಿತ್ತು, ಜ್ವಾಲೆ ಇರಲಿಲ್ಲ. ಹತ್ತಿರ ಹೋಗಿ, ಮಗುವಿನ ಜ್ವರ ನೋಡುವ ಹಾಗೆ ಅಂಗೈ ಮಗುಚಿ ಕೈಬೆನ್ನಿನಿಂದ ನೆಲ ಮುಟ್ಟಿದಳು. ಬಿಸಿ. ಒಂದು ಹೆಜ್ಜೆ ಈಚೆ ಮುಟ್ಟಿದಳು. ಬಿಸಿ. ಗೆರೆಯೊಳಗಿನ ಬತ್ತಲೆ ಮಣ್ಣು ಮುಟ್ಟಿದಳು, ಬೆಂಕಿ ದಾಟದ ಮಣ್ಣು. ಅದೂ ಬಿಸಿ. ಮೇಲೆ ಎರಡು ಮಾರು ಅಗಲದ ಗೆರೆ. ಕೆಳಗೆ ಬೇರು, ಅದಕ್ಕೆ ಯಾರೂ ಗೆರೆ ಹಾಕಿಲ್ಲ. ಅರವತ್ತು ವರ್ಷ ನೀರಲ್ಲಿ ನೆಂದು ಒಂದು ಬೇಸಿಗೆಯಲ್ಲಿ ಒಣಗಿದ ಬೇರು ಬತ್ತಿಯ ಹಾಗೆ ಒಳಗೊಳಗೇ ಉರಿಯುತ್ತ ಊರಿನ ಕಡೆ ಬರುತ್ತಿತ್ತು.

ನೀರು ಹೊಯ್ಯಬೇಕು. ನೀರು ಮುನ್ನೂರ ತೊಂಬತ್ತು ಮಾರು ದೂರ. ಸುಟ್ಟ ಬೂದಿಯಲ್ಲಿ ನಡೆದು, ಕೊಡಪಾನ ತುಂಬಿ ತಂದು ಹೊಯ್ದಳು. ಭುಸ್ ಎಂದು ಆವಿ ಎದ್ದಿತು. ಇನ್ನೊಂದು ತಂದಳು. ಕನ್ನಮ್ಮ ಬಂದಳು, ಪ್ರತಿಮಾ ಬಂದಳು. ಎಲ್ಲಿ ಹೊಯ್ಯಬೇಕು ಎಂಬುದೇ ತಿಳಿಯದು. ಕೈಬೆನ್ನಿಗೆ ಬಿಸಿ ತಾಗಿದಲ್ಲೆಲ್ಲ ಹೊಯ್ದರು. ಹೆಗಡೆಯವರಿಗೆ ಫೋನು ಹೋಯಿತು. ‘ಪಂಪು ಕೆಟ್ಟಿದೆ, ಸಾಗರಕ್ಕೆ ರಿಪೇರಿಗೆ ಕೊಟ್ಟಿದ್ದೀನಿ’ ಎಂದರು.

ಬೆಂಕಿ ಬಿದ್ದ ಮೂರನೆಯ ದಿನ ಬೆಳಗ್ಗೆ ಎಂಟರ ಸುಮಾರಿಗೆ ಕೆರಿಯಮ್ಮನ ಗೊಣಬೆಯ ಬುಡದಿಂದ ಒಂದು ಎಳೆ ಹೊಗೆ ಎದ್ದಿತು. ಊದುಬತ್ತಿಯ ಹೊಗೆಯಷ್ಟು ಸಣ್ಣದು. ಅವಳು ಹತ್ತು ಹೆಜ್ಜೆ ಓಡುವಷ್ಟರಲ್ಲಿ ಗೊಣಬೆ ಒಳಗಿನಿಂದ ಕೆಂಪಗೆ ಉಸಿರು ಬಿಟ್ಟಿತು. ಆಮೇಲೆ ಎಲ್ಲ ಒಂದೇ ಸಲಕ್ಕೆ. ಅವಳದು, ಪಕ್ಕದ್ದು, ಅದರ ಪಕ್ಕದ್ದು. ಕೊಟ್ಟಿಗೆಯ ಸೂರಿಗೆ ಹತ್ತಿತು. ಪ್ರತಿಮಾ ಹಗ್ಗ ಕತ್ತರಿಸಿ ದನ ಅಟ್ಟಿದಳು. ಕೆರಿಯಮ್ಮ, ಮಾಸ್ತಮ್ಮ, ಕನ್ನಮ್ಮ ಮೂವರು ದುಗ್ಗಮ್ಮನನ್ನು ಕಂಬಳಿಯ ಸಮೇತ ಎತ್ತಿದರು. ಮುದುಕಿಯ ಮೈಯಲ್ಲಿ ತೂಕವೇ ಇರಲಿಲ್ಲ. ಬಾಗಿಲು ದಾಟುವಾಗ ಅವಳು ಕತ್ತು ತಿರುಗಿಸಿ ನೋಡಿದಳು.

‘ನೀರಿನ ಕಡೆಯಿಂದಲೇ ಬಂತಲ್ಲೇ’ ಎಂದಳು. ಬೈಗುಳದ ದನಿಯೂ ಅಲ್ಲ, ಅಳುವೂ ಅಲ್ಲ.

ಮೂರು ಗೊಣಬೆ, ಒಂದು ಕೊಟ್ಟಿಗೆ, ಮೂಡಣದ ಕೋಣೆಯ ಮಾಡು, ಆ ಮಂಚ. ಹೋದದ್ದು ಇಷ್ಟು. ಉಳಿದ ಎಂಟು ಮನೆಯವರು ಅವತ್ತೇ ತಮ್ಮ ಗೊಣಬೆ ಕಿತ್ತು ನಡು ಅಂಗಳಕ್ಕೆ ಹೊತ್ತರು. ದನಕ್ಕೆ ಕೇಡು ಎಂದವರೇ ಮುಂದೆ ನಿಂತು ಹೊತ್ತರು. ದುಗ್ಗಮ್ಮ ಯುಗಾದಿಯವರೆಗೆ ಕನ್ನಮ್ಮನ ಜಗಲಿಯಲ್ಲಿದ್ದಳು. ಆಮೇಲೆ ಮಾತು ಕಡಿಮೆ ಮಾಡಿದಳು, ಊಟ ಕಡಿಮೆ ಮಾಡಿದಳು, ಮೊದಲ ಮಳೆ ಬೀಳುವ ಮುಂಚೆ ಹೋದಳು. ಬೆಂಕಿಯಿಂದ ಸತ್ತಳು ಎಂದು ಯಾರೂ ಬರೆದುಕೊಳ್ಳಲಿಲ್ಲ. ಬರೆ ಇರಲಿಲ್ಲ, ಗಾಯ ಇರಲಿಲ್ಲ.

ಕಚೇರಿಯಿಂದ ವರದಿ ಆಯಿತು. ಶಿವರಾಮನೇ ಓದಿ ಹೇಳಿದ: ‘ಬೆಂಕಿ ಜಲಾಶಯದ ಅಂಚಿನಲ್ಲಿ ತಾನಾಗಿ ನಂದಿರುತ್ತದೆ.’

‘ತಾನಾಗಿ?’ ಎಂದಳು ಮಾಸ್ತಮ್ಮ. ‘ನನ್ನ ಹುಬ್ಬು ತಾನಾಗಿ ಉದುರಿತಾ ಹಂಗಾರೆ?’

ಕೂಲಿಯ ಬಿಲ್ಲು ಹೋದ ದಾರಿಯಲ್ಲೇ ವಾಪಸು ಬಂತು. ಕೆರಿಯಮ್ಮ ಮತ್ತೆ ಎರಡು ಬಸ್ಸು ಬದಲಿಸಿ ಹೋದಳು. ಅಧಿಕಾರಿ ಬದಲಾಗಿದ್ದರು. ಹೊಸಬರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ನೀಲಿ.

‘ಇದು ನೀರಿನ ಜಾಗ ಅಮ್ಮಾ. ಇದರೊಳಗೆ ಕೆಲಸ ತೋರಿಸಿದ್ರೆ ನಾಳೆ ನನ್ನನ್ನೇ ಕೇಳ್ತಾರೆ.’

‘ಸೌತೆ ಬಳ್ಳಿ ಕಿತ್ತಾಗ ಇದೇ ಜಾಗ ಸರ್ಕಾರಿ ನೆಲ ಅಂದ್ರಲ್ಲ ಸಾರ್?’

‘ಅದು ಬೇರೆ ಇಲಾಖೆ.’

ಓಡಿಸುವಾಗ ನೆಲ, ಕೂಲಿ ಕೊಡುವಾಗ ನೀರು. ಮುಳುಗಡೆಯವರ ಅರವತ್ತು ವರ್ಷದ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಹೆಚ್ಚಿನ ಶಬ್ದ ಬೇಕಾಗಿಲ್ಲ. ಹೊಸ ಅಧಿಕಾರಿಯೂ ಕಡೆಗೆ ‘ನೋಡೋಣ’ ಎಂದರು. ಈ ಸಲ ಕೆರಿಯಮ್ಮನಿಗೆ ಅರ್ಥವಾಯಿತು.

‘ಯಾವತ್ತು ಬರ್ತೀರಿ?’ ಎಂದು ಕೇಳಿದಳು.

‘ಎಲ್ಲಿಗೆ?’

‘ನೋಡಕ್ಕೆ.’

ಅವರು ಕಂಪ್ಯೂಟರನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು.

ಈ ವರ್ಷ ಮಳೆ ಬಂತು. ಬಂತು ಎಂದಷ್ಟೇ ಹೇಳಬಹುದು. ಆಷಾಢದಲ್ಲಿ ನಾಲ್ಕು ದಿನ ರಸ್ತೆ ಕೊಚ್ಚುವ ಹಾಗೆ ಸುರಿದು, ಆಮೇಲೆ ಮೋಡ ಮಾತ್ರ ಮೆರವಣಿಗೆ ಹೋಯಿತು. ಮೊನ್ನೆ ಭೂಮಣ್ಣಿ ಹುಣ್ಣಿಮೆಯ ಬೆಳಗ್ಗೆ ಕೆರಿಯಮ್ಮ ಚರಗದ ಬುಟ್ಟಿ ಹಿಡಿದು ಕಲ್ಲಿನಿಂದ ಇಳಿದಳು. ಎಪ್ಪತ್ತೆರಡು ಮಾರು. ಗೂಟ ಹೊಡೆದಳು. ವಾಪಸು ಬರುತ್ತ ದಾರಿಯ ಪ್ರತಿಯೊಂದು ಬೊಡ್ಡೆಯ ಹತ್ತಿರ ಬಗ್ಗಿ ಕೈಬೆನ್ನಿನಿಂದ ಮುಟ್ಟಿ ನೋಡಿದಳು. ಮಳೆಗೆ ನೆಂದ ಬೊಡ್ಡೆಗಳು, ತಣ್ಣಗೇ ಇದ್ದವು. ಆದರೂ ಮುಟ್ಟಿದಳು. ಈಗ ದಿನಾ ಮುಟ್ಟುತ್ತಾಳೆ. ಕಲ್ಲಿನಿಂದ ಗೂಟದವರೆಗೆ ಹುಲ್ಲು ಆಗಲೇ ಮೊಣಕಾಲಿಗೆ ಬಂದಿದೆ.

ಜನವರಿಗೆ ಮತ್ತೆ ಗೆರೆ ತೆಗೆಯಬೇಕು. ಮಾಸ್ತಮ್ಮ ಬರುವುದಿಲ್ಲ ಎಂದಿದ್ದಾಳೆ. ಹಳೇ ಕೂಲಿ ಕೊಡದೆ ಹೊಸ ಕೆಲಸಕ್ಕೆ ಗುದ್ದಲಿ ಮುಟ್ಟುವುದಿಲ್ಲ ಎಂಬುದು ಅವಳ ಮಾತು, ಅದರಲ್ಲಿ ತಪ್ಪಿಲ್ಲ. ಇನ್ನಿಬ್ಬರು ಅವಳ ಮುಖ ನೋಡುತ್ತಿದ್ದಾರೆ. ಏಳು ಮಂದಿಗೆ ಒಂಬತ್ತು ದಿನ ಹಿಡಿದ ಗೆರೆಯನ್ನು ನಾಲ್ಕು ಮಂದಿ ಎಷ್ಟು ದಿನಕ್ಕೆ ತೆಗೆಯುತ್ತಾರೆ? ಅಷ್ಟು ದಿನ ಮೂಡಣದ ಗಾಳಿ ಕಾಯುತ್ತದೆಯೇ?

ಓದಿ ಮುಗಿಸುತ್ತಿರುವ ನಿಮಗೆ ಒಂದು ಕೆಲಸ. ನಿಮ್ಮ ಮೇಜಿನ ಮೇಲೂ ಒಂದು ನಕ್ಷೆ ಇರಬಹುದು, ಜೇಬಿನ ಮೊಬೈಲಿನಲ್ಲಂತೂ ಇದ್ದೇ ಇದೆ. ಅದನ್ನು ಕೆಳಗಿಟ್ಟು ಇಂಥದೊಂದು ಊರಿಗೆ ಹೋಗಿ. ಕೆರಿಯಮ್ಮನಂಥವಳು ಹೊಡೆದ ಗೂಟದ ಹತ್ತಿರ, ಹುಲ್ಲು ಸೊಂಟಕ್ಕೆ ತಾಗುವ ಕಡೆ ನಿಂತುಕೊಂಡು ಹೇಳಿ: ನಿಮ್ಮ ಕಾಲ ಕೆಳಗಿರುವುದು ನೀರೋ, ನೆಲವೋ? ನೀರು ಎನ್ನುವುದಾದರೆ ಒಂದು ಕೊಡಪಾನ ತುಂಬಿಕೊಡಿ. ನೆಲ ಎನ್ನುವುದಾದರೆ ಆ ಮಾತನ್ನು ಕಾಗದದ ಮೇಲೆ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ, ಅರವತ್ತಮೂರು ಆಳಿನ ಕೂಲಿಯನ್ನು ಜನವರಿಯ ಒಳಗೆ ಅವರ ಕೈಗೆ ಕೊಡಿಸಿ. ‘ನೋಡೋಣ’ ಎನ್ನಬೇಡಿ.